ಹಬೆಯ ಕಣಜಕ್ಕೊಂದು ಹಿಡಿ ಕೊಸರು

ನೀರು ಕಾಯುತ್ತದೆ, ಕುದಿಯುವ ಹದವನ್ನೂ ದಾಟುತ್ತದೆ, ಆದರೆ ಹಬೆಯಾಗಿ ಹರಡಿಕೊಳ್ಳುವುದಿಲ್ಲ ಎಂದಿಟ್ಟುಕೊಳ್ಳಿ. ಬೆಂಕಿಯ ಕಾವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಇದ್ದಲ್ಲೇ ಇರುತ್ತದೆ. ಹಾಗಾದರೆ ಏನಾಗುತ್ತದೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಡಾಕ್ಟರ್ ಅಲಮೇಲು ಎಂಟು ವರ್ಷ ಕಳೆದಿದ್ದರು. ಒಂಬತ್ತನೆಯ ವರ್ಷ ದಾವಣಗೆರೆಯ ಹೊರಗೆ, ಹಳೆಯ ಗಿರಣಿಯೊಂದರ ಖಾಲಿ ಜಾಗದಲ್ಲಿ ಅದಕ್ಕೆ ಉತ್ತರವೇ ಎದ್ದು ನಿಂತಿತು. ಕಾಗದಪತ್ರಗಳಲ್ಲಿ ಅದಕ್ಕೆ ಮೂರು ಸಾಲಿನ ಹೆಸರಿತ್ತು. ಊರವರು ಮಾತ್ರ ಹಬೆ ಕಣಜ ಎಂದರು. ಕೊನೆಗೆ ಅಲಮೇಲು ಕೂಡ ಹಾಗೆಯೇ ಅನ್ನತೊಡಗಿದರು.

ಕಣಜದ ಕೆಲಸ ಕೇಳುವುದಕ್ಕೆ ಸರಳ. ಹಗಲಿಡೀ ಕನ್ನಡಿಗಳ ಸಾಲು ಬಿಸಿಲನ್ನು ಹಿಡಿದು ಒಂದು ದೊಡ್ಡ ತೊಟ್ಟಿಯ ನೀರಿಗೆ ಊಡುತ್ತಿತ್ತು. ತೊಟ್ಟಿಗೆ ಸುತ್ತಿದ ತಾಮ್ರದ ಸುರುಳಿಗಳು ನೀರಿನ ಕಣಗಳನ್ನು ಒಂದರಿಂದೊಂದು ದೂರ ಸರಿಯಗೊಡದೆ ತಡೆದಿಡುತ್ತಿದ್ದವು. ಆ ಬಲಕ್ಕೆ ಅಲ್ಲಿಯವರು ‘ಹಿಡಿತ’ ಎಂದು ಹೆಸರಿಟ್ಟಿದ್ದರು. ಸಂಜೆ ಆರಕ್ಕೆ ಹಿಡಿತ ಸಡಿಲಿಸಿದರೆ ಸಾಕು, ಅಲ್ಲಿಯತನಕ ಇಕ್ಕಟ್ಟಿನಲ್ಲಿದ್ದ ನೀರು ಸಾವಿರದ ಏಳುನೂರು ಪಟ್ಟು ಹಿಗ್ಗಿ, ಹಬೆಯಾಗಿ ನುಗ್ಗಿ, ಚಕ್ರ ತಿರುಗಿಸಿ, ಅರ್ಧ ಊರಿಗೆ ರಾತ್ರಿಯ ಕರೆಂಟು ಕೊಡುತ್ತಿತ್ತು.

ಆ ಹಿಡಿತದ ಗುಂಡಿಯನ್ನು ತಿರುಗಿಸಲು ಬಂದವನು ಬುಡೇನ್ ನದಾಫ್. ಐಟಿಐ ಓದಿದವನು, ಮೂವತ್ತರ ಅಂಚಿನವನು, ಮಂಡಕ್ಕಿ ಹುರಿಯುವ ಭಟ್ಟಿಯ ಮನೆಯಲ್ಲಿ ಹುಟ್ಟಿ ಜರಡಿ ಬಿಟ್ಟು ಬೇರೆ ಕೆಲಸ ಹಿಡಿದ ಮೊದಲಿಗ. ಸೇರಿದ ದಿನವೇ ಅಲಮೇಲು ಅವನನ್ನು ಕಂಟ್ರೋಲ್ ರೂಮಿನಲ್ಲಿ ಕೂರಿಸಿಕೊಂಡು ಪಾಠ ಹೇಳಿದ್ದರು. ಅವರು ಮೈಸೂರಿನವರು, ಮಾತು ನಿಧಾನ, ಕೈಯಲ್ಲಿ ಯಾವಾಗಲೂ ಒಂದು ಪೆನ್ಸಿಲ್.

“ಸಿಟಿ ಬಸ್ಸು ನೆನಪು ಮಾಡ್ಕೊಳಿ ಬುಡೇನ್. ಸೀಟಲ್ಲಿ ಒತ್ತಿ ಕೂತು ಜರುಗೋಕೂ ಆಗದೆ ಇರೋರು, ಅದು ಮಂಜುಗಡ್ಡೆ. ನಡುವೆ ನಿಂತು, ಮೈಗೆ ಮೈ ತಾಗಿದ್ರೂ ‘ಸ್ವಲ್ಪ ಸರೀರಿ’ ಅಂತ ಆಚೆ ಈಚೆ ಹೋಗೋರು, ಅದು ನೀರು. ಅದೇ ಜನ ಬಸ್ಸಿಳಿದು ಮೈದಾನದಲ್ಲಿ ಚದುರಿಬಿಟ್ರೆ ಹಬೆ. ಜನ ಅವರೇ. ನಡುವಿನ ಜಾಗ ಮಾತ್ರ ಬೇರೆ.”

“ಹಂಗಾದ್ರೆ ನಾವು ಮಾಡೋದೇನು ಮೇಡಂ?”

“ಬಸ್ಸಿನ ಬಾಗಿಲು ಹಾಕ್ತೀವಿ. ಒಳಗೆ ಎಷ್ಟೇ ಸೆಖೆಯಾದ್ರೂ ಗುಂಪಾಗಿ ಇಳಿಯೋ ಹಾಗಿಲ್ಲ. ಕಿಟಕಿಯಿಂದ ಒಬ್ಬೊಬ್ಬರೇ ಹಾರ್ಕೊಂಡ್ರೆ ಅದನ್ನ ತಡೆಯೋಕಾಗಲ್ಲ. ಒದ್ದೆ ಬಟ್ಟೆ ಒಣಗುತ್ತಲ್ಲ, ಹಾಗೆ.” ಪೆನ್ಸಿಲಿನಿಂದ ಗುಂಡಿಯ ಮೇಲಿನ ಗೆರೆ ತೋರಿಸಿದರು. “ಇಲ್ಲಿ, ಎಪ್ಪತ್ತೆರಡಕ್ಕೆ ನಿಲ್ಲಿಸಿ. ಕಡಿಮೆಯಾದ್ರೆ ತೊಟ್ಟಿಯ ಮೂಲೆಯಲ್ಲಿ ಉಕ್ಕತ್ತೆ. ಜಾಸ್ತಿ ಬೇಕಾಗಿಲ್ಲ.”

ಬುಡೇನ್ ತಲೆಯಾಡಿಸಿದ. ತಲೆ ಒಪ್ಪಿತು, ಕೈ ಒಪ್ಪಲಿಲ್ಲ. ಆ ಕೈ ಬೆಳೆದದ್ದು ಮಂಡಕ್ಕಿ ಸೇರಿನ ಬಾಯಲ್ಲಿ. ಏಳು ವರ್ಷದವನಿದ್ದಾಗಿನಿಂದ ಅವ್ವನ ಪಕ್ಕ ಕೂತು ಅಳೆದವನು ಅವನು. ಸೇರು ತುಂಬಬೇಕು, ತಲೆ ಸವರಬೇಕು, ಗಿರಾಕಿಯ ಚೀಲಕ್ಕೆ ಸುರಿಯಬೇಕು, ಆಮೇಲೆ ಮೇಲೊಂದು ಹಿಡಿ ಕೊಸರು ಹಾಕಬೇಕು. ಕೊಸರಿಲ್ಲದೆ ಒಬ್ಬರನ್ನೂ ಕಳಿಸಿದ್ದು ಅವನಿಗೆ ನೆನಪಿಲ್ಲ. ಹಾಗೆ ಕಳಿಸಿದರೆ ಕೈಯ ಬರಕತ್ತು, ಅದರ ಏಳಿಗೆ, ಹೋಗುತ್ತದೆಂದು ಅವ್ವ ಹೊನ್ನೂರಬಿ ನಂಬಿದ್ದಳು, ಮಗನೂ ನಂಬಿದ್ದ. ಹೀಗಾಗಿ ಗುಂಡಿ ಎಪ್ಪತ್ತೆರಡಕ್ಕೆ ಬಂದು ನಿಂತರೆ ಅವನಿಗೆ ಯಾರಿಗೋ ಕಡಿಮೆ ಕೊಟ್ಟ ಹಾಗಾಗುತ್ತಿತ್ತು. ಬೆರಳು ತಾನಾಗಿಯೇ ಇನ್ನೆರಡು ಗೆರೆ ಮುಂದೆ ತಳ್ಳುತ್ತಿತ್ತು. ಪುಸ್ತಕದಲ್ಲಿ ಎಪ್ಪತ್ತೆರಡು ಎಂದೇ ಬರೆಯುತ್ತಿದ್ದ. ಸುಳ್ಳು ಬರೆಯುವ ಉದ್ದೇಶವೇನೂ ಇರಲಿಲ್ಲ. ಕೊಸರನ್ನು ಲೋಕದಲ್ಲಿ ಯಾರೂ ಅಳತೆಗೆ ಸೇರಿಸುವುದಿಲ್ಲ.

ತರಬೇತಿ ಮುಗಿದು ಗುಂಡಿ ಪೂರ್ತಿ ಅವನ ಕೈಗೆ ಬಂದದ್ದು ಒಂದು ಸೋಮವಾರ. ಅದೇ ಸೋಮವಾರ ಹೊನ್ನೂರಬಿಯ ಬಾಣಲೆಯಲ್ಲಿ ಅಕ್ಕಿ ಅರಳಲಿಲ್ಲ.

*

ಸಂಜೆ ಬುಡೇನ್ ಮನೆಗೆ ಬಂದಾಗ ಭಟ್ಟಿಯ ಮುಂದೆ ಗೋಣಿತಾಟಿನ ಮೇಲೆ ಒಂದು ಗುಡ್ಡೆ ಬಿದ್ದಿತ್ತು. ಮಂಡಕ್ಕಿಯಲ್ಲ, ಹುರಿದು ಕೆಂಪಾದ ಅಕ್ಕಿ. ಒಂದು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿದ. ಕಲ್ಲು ಕಚ್ಚಿದ ಹಾಗಾಯಿತು.

“ಬೆಂಕಿ ಸಾಲಲಿಲ್ಲೇನು?” ಎಂದು ಕೇಳಿದ.

“ಬೆಂಕಿ?” ಹೊನ್ನೂರಬಿ ಜರಡಿಯನ್ನು ಗೋಡೆಗೆ ಒರಗಿಸಿದಳು. “ಮರಳು ಕೆಂಡ ಆಗಿತ್ತಪಾ. ನಾಕು ಸಲ ಒಲಿಗೆ ಹೊಟ್ಟು ಹಾಕೀನಿ. ಅಕ್ಕಿ ಕಾದೈತಿ, ಬೆವತೈತಿ, ಕೆಂಪಾಗೈತಿ. ಅರಳವಲ್ದು.”

ಭಟ್ಟಿ ಸಾಲಿನಲ್ಲಿ ಅಕ್ಕಿ ಅರಳದಿದ್ದರೆ ಬೆಂಕಿಯನ್ನು ಬಯ್ಯುವುದಿಲ್ಲ, ಮರಳನ್ನೂ ಬಯ್ಯುವುದಿಲ್ಲ. ಹಿಂದಿನ ಸಂಜೆ ಅಕ್ಕಿಗೆ ಉಪ್ಪುನೀರು ಕೂಡಿಸಿದ ಕೈಯನ್ನು ನೋಡುತ್ತಾರೆ. ಕಾಳಿನ ಹೊಟ್ಟೆಯೊಳಗಿನ ತೇವ ಬಿಸಿ ಮರಳಿಗೆ ಬಿದ್ದ ಕ್ಷಣ ಹಬೆಯಾಗಿ ಹಿಗ್ಗಬೇಕು, ಹಿಗ್ಗಿ ಕಾಳನ್ನು ಉಬ್ಬಿಸಬೇಕು. ತೇವದ ಹದ ಇರುವುದು ಆ ಕೈಯಲ್ಲಿ. ಹೊನ್ನೂರಬಿ ಮೂವತ್ತು ವರ್ಷ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೋದ ವರ್ಷ ಹರಿಹರದಿಂದ ಸೊಸೆಯಾಗಿ ಬಂದ ರಮಿಜಾಳನ್ನು ಆರು ತಿಂಗಳು ನೋಡಿ, ತೂಗಿ, ಕೊನೆಗೆ ಹಗಲಿನ ಭಟ್ಟಿಯ ಅಕ್ಕಿಯನ್ನು ಅವಳಿಗೆ ಒಪ್ಪಿಸಿದ್ದಳು. ಸಂಜೆಯ ನಮಾಜಾದ ಮೇಲೆ ಮಿರ್ಚಿ ಅಂಗಡಿಗಳಿಗೆಂದು ಹುರಿಯುವ ಸಣ್ಣ ಪಾಲಿಗೆ ಮಾತ್ರ ಈಗಲೂ ತಾನೇ ಉಪ್ಪು ಕೂಡಿಸುತ್ತಿದ್ದಳು.

ಅವತ್ತು ನಮಾಜು ಮುಗಿಸಿ ಬಂದು ಆ ಸಣ್ಣ ಪಾಲನ್ನು ಬಾಣಲೆಗೆ ಹಾಕಿದಳು. ಪಟಪಟನೆ ಅರಳಿ ಬಾಣಲೆಯ ತುಂಬ ಬೆಳ್ಳಗಾಯಿತು.

ರಮಿಜಾ ಉಪ್ಪಿನ ಗಡಿಗೆಯಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು, ಮತ್ತೊಮ್ಮೆ ಅದ್ದಿದಳು. ಅವಳ ಮುಖದಲ್ಲಿ ತಪ್ಪಿತಸ್ಥಳ ಕಳೆ ಇರಲಿಲ್ಲ; ಗುರುತಿನ ದಾರಿಯಲ್ಲೇ ದಾರಿ ತಪ್ಪಿದವಳ ಗಲಿಬಿಲಿ ಇತ್ತು.

ಮಂಗಳವಾರವೂ ಹಾಗೆಯೇ ಆಯಿತು. ಹಗಲಿನ ರಮಿಜಾಳ ಅಕ್ಕಿ ಕಲ್ಲು, ಸಂಜೆಯ ಅತ್ತೆಯ ಅಕ್ಕಿ ಹೂವು. ಬುಧವಾರ ಪಕ್ಕದ ಮನೆಯ ಕೊಟ್ರಮ್ಮ ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. “ಹೊನ್ನೂರಬಿ ಅಕ್ಕಾ, ನಿಮ್ಮ ಕುಕ್ಕರ್ ಸೀಟಿ ಹಾಕ್ತೈತೇನ್ರಿ? ಮೂರು ರಬ್ಬರ್ ಬದಲಿ ಮಾಡೀನಿ. ಮಧ್ಯಾಹ್ನ ಬ್ಯಾಳಿ ಇಟ್ರೆ ಮೂಗು ಮುಚ್ಕೊಂಡು ಕುಂತಿರ್ತೈತಿ. ಸಂಜಿ ಐದೂವರೆಗೆ ಇಟ್ಟಿದ್ದು ಆರಾಗಿದ್ದೇ ತಡ, ಹುಚ್ಚು ಹಿಡಿದಂಗೆ ಕೂಗ್ತೈತಿ.”

“ನಂದೇ ನಂಗೆ ಹತ್ತೈತಿ, ನಿನ್ನ ಕುಕ್ಕರ್ ತಗೊಂಡು ಏನ್ ಮಾಡ್ಲೇ” ಎಂದು ಹೊನ್ನೂರಬಿ ಅವಳನ್ನು ಸಾಗಹಾಕಿದಳು. ಬುಡೇನ್ ಈ ಮಾತನ್ನು ಊಟ ಮಾಡುತ್ತ ಕೇಳಿಸಿಕೊಂಡ, ನಕ್ಕ, ಮರೆತ. ತನ್ನ ಕೈಯಾರೆ ಸಂಜೆ ಆರಕ್ಕೆ ಏನನ್ನು ಸಡಿಲಿಸಿ ಬರುತ್ತಿದ್ದೇನೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಕಣಜ ಒಂದು ಮೈಲಿ ಆಚೆ, ಕುಕ್ಕರು ಪಕ್ಕದ ಮನೆಯಲ್ಲಿ, ಎತ್ತಣಿಂದೆತ್ತ?

*

ಗುರುವಾರ ಕಂಟ್ರೋಲ್ ರೂಮಿನಲ್ಲಿ ಅಲಮೇಲು ಬಹಳ ಖುಷಿಯಲ್ಲಿದ್ದರು. ಆ ವಾರ ತೊಟ್ಟಿಯ ಮೂಲೆಯಲ್ಲಿ ಒಂದು ಗುಳ್ಳೆಯೂ ಎದ್ದಿರಲಿಲ್ಲ. “ಎಪ್ಪತ್ತೆರಡಕ್ಕೆ ಇಷ್ಟು ಚೆನ್ನಾಗಿ ನಿಲ್ಲತ್ತೆ ಅಂತ ನಾನೇ ಎಣಿಸಿರ್ಲಿಲ್ಲ” ಎಂದು ಪುಸ್ತಕ ತಿರುವಿದರು. ಬುಡೇನನಿಗೆ ಹೊಗಳಿಕೆ ಮುಟ್ಟಲಿಲ್ಲ. ಅವನ ಮನಸ್ಸು ಭಟ್ಟಿಯಲ್ಲಿತ್ತು.

“ಮೇಡಂ, ಮಂಡಕ್ಕಿ ಅಕ್ಕಿ ಅರಳದಿದ್ರೆ ಏನು ಕಾರಣ ಇರಬಹುದು?”

ಅಲಮೇಲು ಕನ್ನಡಕ ಮೇಲೆ ತಳ್ಳಿ ಯೋಚಿಸಿದರು. “ಪಾಪ್‌ಕಾರ್ನ್ ಥರಾನೇ ಅಲ್ವೇ? ಒಳಗಿನ ತೇವದ್ದೇ ಆಟ. ಕಡಿಮೆ ಇದ್ರೆ ತಳ್ಳೋ ಬಲ ಇರಲ್ಲ. ಜಾಸ್ತಿ ಇದ್ರೆ ಕಾಳು ಮೆತ್ತಗಾಗತ್ತೆ. ನೀರು ಕೂಡಿಸೋರು ಯಾರು, ಅವರನ್ನ ಕೇಳಿ.”

ಭಟ್ಟಿ ಸಾಲು ಮೂವತ್ತು ವರ್ಷದಿಂದ ಹೇಳುತ್ತಿದ್ದುದನ್ನೇ ವಿಜ್ಞಾನವೂ ಹೇಳಿತು.

ಶುಕ್ರವಾರ ಅವನಿಗೆ ರಜೆ. ಗುಂಡಿಯ ಬಳಿ ಬೇರೊಬ್ಬ ಕೂತಿದ್ದ, ಹೇಳಿದ ಗೆರೆಗೆ ನಿಲ್ಲಿಸುವ ಸಾದಾ ಮನುಷ್ಯ. ಹತ್ತು ಗಂಟೆಗೆ ಹೊನ್ನೂರಬಿ ಭಟ್ಟಿ ಹೊತ್ತಿಸಿದಳು, ರಮಿಜಾ ಹಿಂದಿನ ಸಂಜೆ ಉಪ್ಪು ಕೂಡಿಸಿದ ಅಕ್ಕಿಯನ್ನು ಸುರಿದಳು, ಬುಡೇನ್ ಹೊಸ್ತಿಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೋಡಿದ. ಅಕ್ಕಿ ಅರಳಿತು! ಒಂದು ಕಾಳೂ ಉಳಿಯದ ಹಾಗೆ ಅರಳಿತು. ರಮಿಜಾ ಖುಷಿಗೆ ಬಾಯಿ ಮುಚ್ಚಿಕೊಂಡು ನಕ್ಕಳು. ಅವನೂ ನಕ್ಕ. ಹೊನ್ನೂರಬಿ ಮಾತ್ರ ಜರಡಿ ಆಡಿಸುತ್ತ ಸೊಸೆಯನ್ನೇ ನೋಡುತ್ತಿದ್ದಳು.

ಶನಿವಾರ ಬುಡೇನ್ ಕೆಲಸಕ್ಕೆ ಹೋದ. ಅಕ್ಕಿ ಮತ್ತೆ ಕಲ್ಲಾಯಿತು.

“ಗಂಡ ಎದುರಿಗೆ ಕುಂತ್ರೆ ಅರಳ್ತೈತಿ” ಎಂದು ಹೊನ್ನೂರಬಿ ಸಂಜೆ ಮಗನನ್ನು ಹಿತ್ತಲಿಗೆ ಕರೆದು ಹೇಳಿದಳು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಗಂಡ ಇಲ್ಲದಾಗ ಅರಳಾಂಗಿಲ್ಲ. ಅಂದ್ರೆ ಏನು ತಿಳ್ಕೊಬೇಕಪಾ ನಾನು? ಆ ಹುಡುಗಿಗೆ ನಮ್ಮ ಭಟ್ಟಿ ಬ್ಯಾಡಾಗೈತಿ. ಬಾಯಿಬಿಟ್ಟು ಹೇಳಾಕೆ ಆಗವಲ್ದು, ಉಪ್ಪಿನಾಗ ಹೇಳಾಕೆ ಹತ್ತ್ಯಾಳ.”

ಬುಡೇನ್ ಅದನ್ನು ಒಪ್ಪಬಾರದಿತ್ತು. ಆದರೆ ಆರು ದಿನದ ಲೆಕ್ಕ ಅವನ ಮುಂದೆ ಕೂತಿತ್ತು, ಕಂಟ್ರೋಲ್ ರೂಮಿನಲ್ಲಿ ದಿನವೂ ಬರೆಯುವ ಪಟ್ಟಿಯ ಹಾಗೆ ಸ್ಪಷ್ಟವಾಗಿತ್ತು. ತಾನು ಇದ್ದ ದಿನ ಸರಿ, ಇಲ್ಲದ ದಿನ ತಪ್ಪು. ಅವ್ವನ ಪಾಲು ದಿನವೂ ಸರಿ. ಒಳಗೆ ಹೋದ. ರಮಿಜಾ ಮರುದಿನದ ಅಕ್ಕಿ ಆರಿಸುತ್ತಿದ್ದಳು.

“ನಿನ್ನೆ ಉಪ್ಪುನೀರು ಎಷ್ಟು ಹಾಕಿದ್ದೆ?” ಎಂದು ಕೇಳಿದ.

ರಮಿಜಾಳ ಕೈ ಮೊರದ ಮೇಲೆ ನಿಂತಿತು. ಅತ್ತೆ ಆರು ದಿನ ಮುಖ ಗಂಟು ಹಾಕಿಕೊಂಡು ತಿರುಗಿದ್ದನ್ನು ಅವಳು ನುಂಗಿಕೊಂಡಿದ್ದಳು. ಈ ಒಂದು ಪ್ರಶ್ನೆ ಗಂಟಲಲ್ಲಿ ಇಳಿಯಲಿಲ್ಲ.

“ನೀವೂ ಕೇಳ್ತೀರೇನು?”

“ಸುಮ್ನೆ ಕೇಳ್ದೆ. ಎಷ್ಟು ಹಾಕಿದ್ದೆ?”

“ದಿನಾ ಹಾಕಿದಷ್ಟೇ” ಎಂದಳು. ಮೊರವನ್ನು ತನ್ನತ್ತ ಎಳೆದುಕೊಂಡು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಭಾನುವಾರ ಬೆಳಿಗ್ಗೆ ತನ್ನ ಬಟ್ಟೆಯ ಚೀಲದ ಜೊತೆ, ತಾನು ಉಪ್ಪು ಕೂಡಿಸಿಟ್ಟಿದ್ದ ಅಕ್ಕಿಯಲ್ಲಿ ಎರಡು ಸೇರು ಕಟ್ಟಿಕೊಂಡು ಹರಿಹರದ ಬಸ್ಸು ಹತ್ತಿದಳು. ಬಟ್ಟೆ ಯಾಕೆಂದು ಬುಡೇನನಿಗೆ ಗೊತ್ತಾಯಿತು, ಅಕ್ಕಿ ಯಾಕೆಂದು ಗೊತ್ತಾಗಲಿಲ್ಲ. ತಡೆಯಬೇಕೆನಿಸಿತು. ಆದರೂ ಬಾಗಿಲಲ್ಲೇ ನಿಂತ.

*

ಸೋಮವಾರದ ಅಕ್ಕಿಗೆ ಹೊನ್ನೂರಬಿಯೇ ಉಪ್ಪು ಕೂಡಿಸಿದ್ದಳು. ಹತ್ತು ಗಂಟೆಗೆ ಬಿಸ್ಮಿಲ್ಲಾ ಹೇಳಿ ಬಾಣಲೆಗೆ ಸುರಿದಳು. ಮೂವತ್ತು ವರ್ಷದ ಕೈ ಸುರಿದ ಅಕ್ಕಿ ಕಾದಿತು, ಬೆವೆತಿತು, ಕೆಂಪಾಯಿತು, ಕಲ್ಲಾಯಿತು.

ಮಂಗಳವಾರ ನೀರು ಹೆಚ್ಚು ಮಾಡಿದಳು. ಬುಧವಾರ ಕಡಿಮೆ ಮಾಡಿದಳು, ಮರಳನ್ನೇ ಬದಲಿಸಿದಳು. ಬುಡೇನ್ ಸಂಜೆ ಬಂದಾಗಲೆಲ್ಲ ಅದೇ ಕೆಂಪು ಗುಡ್ಡೆ ಕಾಣುತ್ತಿತ್ತು. ಇದೇನಿದು ಎಂದು ತಲೆ ಕೆರೆದುಕೊಂಡ. ರಮಿಜಾ ಇಲ್ಲ, ಉಪ್ಪು ಅವ್ವನದು, ಕೈ ಅವ್ವನದು. ಆದರೂ ಹಗಲಿಗೆ ಅರಳುವುದಿಲ್ಲ, ಅದೇ ಅಕ್ಕಿ ಸಂಜೆ ಅರಳುತ್ತದೆ. ಹಾಗಾದರೆ ರಮಿಜಾಳ ತಪ್ಪು ಎಲ್ಲಿತ್ತು? ಇರಲಿಲ್ಲವೆಂದರೆ ಶುಕ್ರವಾರ ಅರಳಿದ್ದು ಹೇಗೆ? ಯೋಚಿಸಿದಷ್ಟೂ ತಲೆ ಗೊಜ್ಜಾಯಿತು. ಕಣಜದಲ್ಲಿ ಎಲ್ಲವೂ ಸುಸೂತ್ರ, ಪ್ರತಿ ಮುಳ್ಳೂ ತನ್ನ ಜಾಗದಲ್ಲಿ. ಮನೆಯಲ್ಲಿ ಯಾವುದೂ ತನ್ನ ಜಾಗದಲ್ಲಿಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಮಲಗಿ ಸೂರು ನೋಡುವಾಗ ತಾನು ಕೇಳಿದ ಆ ಒಂದು ಪ್ರಶ್ನೆ ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಿತ್ತು. ಅವನಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಗುರುವಾರ ಹೊನ್ನೂರಬಿ ಹಗಲಿನ ಭಟ್ಟಿ ಹೊತ್ತಿಸಲೇ ಇಲ್ಲ. ಮಗ ಬಂದಾಗ ಗೋಡೆಗೆ ಒರಗಿ, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದಳು.

“ನನ್ನ ಕೈ ಹೋತಪಾ” ಎಂದಳು. “ಏನೂ ಮಾಡದ ಹುಡುಗೀನ ನೋಯಿಸಿ ಕಳಿಸಿದ್ದಕ್ಕೆ ನನ್ನ ಕೈ ಹೋತು. ನಾಳೆ ಹೋಗಿ ಕರ್ಕೊಂಡು ಬಾ.”

*

ರಮಿಜಾಳ ತವರುಮನೆ ಹರಿಹರದಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿತ್ತು. ಶುಕ್ರವಾರ ಮಧ್ಯಾಹ್ನ ಬುಡೇನ್ ಹೋದಾಗ ಅವಳು ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನ ಮುಂದೆ ಒಂದು ತಟ್ಟೆ ಮಂಡಕ್ಕಿ ತಂದಿಟ್ಟಳು.

“ತಿನ್ರಿ.”

ತಿಂದ. ಉಪ್ಪು ಹದವಾಗಿತ್ತು, ಬಾಯಲ್ಲಿಟ್ಟರೆ ಕರಗುತ್ತಿತ್ತು.

“ಇದು ನಾನು ಅಲ್ಲಿಂದ ತಂದ ಅಕ್ಕಿ. ಅಲ್ಲಿ ಹಾಕಿದ್ದೇ ಉಪ್ಪು. ಇಲ್ಲಿ ನಮ್ಮವ್ವನ ರೊಟ್ಟಿ ಒಲಿ ಮ್ಯಾಲೆ ಒಂದು ಬುಟ್ಟಿ ಮರಳು ಹಾಕಿ ಹುರಿದೀನಿ. ಸೋಮವಾರ ಹತ್ತಕ್ಕೆ ಹುರಿದೆ, ಅರಳ್ತು. ಮಂಗಳವಾರ ಮಧ್ಯಾಹ್ನ ಹುರಿದೆ, ಅರಳ್ತು. ನಿನ್ನೆ ಸಂಜಿ ಹುರಿದೆ, ಅರಳ್ತು. ನನ್ನ ಕೈ ಅಂತೂ ಅಲ್ಲ.”

“ಅಲ್ಲ” ಎಂದ ಬುಡೇನ್. “ಅವ್ವಂದೂ ಅರಳವಲ್ದು, ಹಗಲಿಗೆ.”

ರಮಿಜಾ ಇದನ್ನು ಕೇಳಿ ಹಿಗ್ಗಲಿಲ್ಲ. ಹುಬ್ಬು ಗಂಟಿಕ್ಕಿ ಬೆರಳು ಮಡಚತೊಡಗಿದಳು. “ಹಂಗಾದ್ರೆ ನಾ ಎಣಿಸಿದ್ದು ಖರೇ ಐತಿ. ಕೇಳ್ರಿ. ನೀವು ಕೆಲಸಕ್ಕೆ ಹೋದ ದಿನ ಅರಳಾಂಗಿಲ್ಲ. ಮನ್ಯಾಗಿದ್ದ ದಿನ ಅರಳ್ತು. ಸಂಜಿಗೆ ನೀವು ಕೆಲಸ ಬಿಟ್ಟ ಮ್ಯಾಲೆ ಯಾರು ಹುರಿದ್ರೂ ಅರಳ್ತೈತಿ. ಕೊಟ್ರಮ್ಮಕ್ಕನ ಕುಕ್ಕರ್ ಆರಕ್ಕೆ ಕೂಗ್ತೈತಿ. ನೀವು ನನ್ನ ಕೈ ನೋಡಿದ್ರಿ, ಅತ್ತೀನೂ ನನ್ನ ಕೈ ನೋಡಿದ್ರು. ನೀವು ಹಗಲೆಲ್ಲ ಅಲ್ಲಿ ಕುಂತು ನಿಮ್ಮ ಕೈಲಿ ಏನ್ ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ.”

ಬುಡೇನ್ ತಟ್ಟೆಯಿಂದ ಇನ್ನೊಂದು ಹಿಡಿ ಎತ್ತಿದ್ದವನು ಹಾಗೆಯೇ ಕೂತ. ತನ್ನ ಬೆರಳುಗಳನ್ನು ನೋಡಿಕೊಂಡ. ಎಪ್ಪತ್ತೆರಡಕ್ಕೆ ಬಂದು ನಿಲ್ಲುವ ಗುಂಡಿ, ಅದರ ಮೇಲೆ ಎರಡು ಗೆರೆ ದೂಡುವ ಹೆಬ್ಬೆರಳು.

“ಕೊಸರು” ಎಂದ.

“ಏನು?”

“ಬಂದು ಹೇಳ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನತ್ತ ಓಡಿದ.

ಅಲಮೇಲು ಕಂಟ್ರೋಲ್ ರೂಮಿನಲ್ಲೇ ಇದ್ದರು. ಅವನು ಹೇಳಿದ್ದನ್ನು ಕೇಳಿ ಮೊದಲು ಅವರಿಗೆ ಏನೂ ಅರ್ಥವಾಗಲಿಲ್ಲ. “ಎಪ್ಪತ್ತೆರಡು ಅಂತ ನೀವೇ ಬರೆದಿದೀರಲ್ಲ?”

“ಬರೆದಿದ್ದು ಅಳತೆ ಮೇಡಂ. ಕೊಸರು ಬರೆಯೋದಿಲ್ಲ.”

“ಕೊಸರು! ಹಿಡಿತಕ್ಕೆ ಕೊಸರು ಹಾಕಿದ್ರಾ?” ಅವರು ನಗಲಿಲ್ಲ. ಬಯ್ಯಲೂ ಇಲ್ಲ. ಪುಸ್ತಕದ ಎಪ್ಪತ್ತೆರಡುಗಳನ್ನು ಒಂದೊಂದಾಗಿ ನೋಡಿದರು. ತಾವು ಸಂತೋಷಪಟ್ಟ ಇಡೀ ಎರಡು ವಾರ ಕೈಜಾರಿ ಹೋದದ್ದು ಅವರ ಮುಖದಲ್ಲಿ ಕಂಡಿತು. ಆಮೇಲೆ ಗೋಡೆಯ ನಕ್ಷೆಯ ಮುಂದೆ ಹೋಗಿ ನಿಂತರು. ಕಣಜಕ್ಕೆ ನೀರು ತರುವ ದಪ್ಪ ಕೊಳವೆಯ ಮೇಲೆ ಪೆನ್ಸಿಲ್ ಓಡಿಸಿದರು. ಅದು ಊರಿನ ಕಡೆಯಿಂದ, ಭಟ್ಟಿ ಸಾಲಿನಲ್ಲಿ ಬುಡೇನನ ಮನೆ, ಕೊಟ್ರಮ್ಮನ ಮನೆ ಇವೆರಡರ ಅಡಿಯಿಂದಲೇ ಹಾದು ಬರುತ್ತಿತ್ತು.

“ಬಾಯಿತನಕ ತುಂಬಿದ ಕೊಳವೆ” ಎಂದು ತಮಗೇ ಹೇಳಿಕೊಂಡರು. “ತೊಟ್ಟಿ ಮೀರಿದ ಹಿಡಿತ ನೀರಿಂದ ನೀರಿಗೆ ಹತ್ತಿಕೊಂಡು ಹೋಗಿರಬಹುದೇ? ಒಂದು ಮೈಲಿ? ನನಗೆ ಗೊತ್ತಿಲ್ಲ, ಬುಡೇನ್. ನಿಜವಾಗಿ ಗೊತ್ತಿಲ್ಲ. ನೋಡೇ ತಿಳ್ಕೋಬೇಕು. ಮತ್ತೆ ನಾಳೆಯಿಂದ ನೀವು ಗುಂಡಿ ಮುಟ್ಟಬೇಡಿ.”

ಬುಡೇನ್ ತಲೆ ತಗ್ಗಿಸಿ ಹೂಂ ಎಂದ.

*

ಶನಿವಾರ ಹತ್ತಕ್ಕೆ ಅಲಮೇಲು ಹೊನ್ನೂರಬಿಯ ಭಟ್ಟಿಯ ಮುಂದೆ ಮಣೆ ಹಾಕಿಕೊಂಡು, ಸೀರೆಯ ನೆರಿಗೆಯನ್ನು ಬೂದಿಯಿಂದ ಮೇಲೆತ್ತಿಕೊಂಡು ಕೂತಿದ್ದರು. ಕಿವಿಗೆ ಫೋನು, ಆ ತುದಿಯಲ್ಲಿ ಕಂಟ್ರೋಲ್ ರೂಮು, ಗುಂಡಿ ಬೇಕೆಂದೇ ಎಪ್ಪತ್ತನಾಲ್ಕರಲ್ಲಿ. ಕೊಟ್ರಮ್ಮ ಕುಕ್ಕರಿನ ಸಮೇತ ಬಂದಿದ್ದಳು. ಬುಡೇನ್ ಬಾಗಿಲಿನತ್ತಲೇ ನೋಡುತ್ತಿದ್ದ. ಹಿಂದಿನ ದಿನ ಸಂಜೆ ರಮಿಜಾಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿ, ಹತ್ತಕ್ಕೆ ಬಾ ಎಂದಿದ್ದ. ಅವಳು ಪೂರ್ತಿ ಕೇಳಿ, ಬರುತ್ತೇನೆ ಎನ್ನದೆ ಫೋನು ಇಟ್ಟಿದ್ದಳು.

ಅವಳು ಬಂದಳು. ಒಳಗೆ ಬರಲಿಲ್ಲ. ಉಳಿದಿದ್ದ ಅಕ್ಕಿಯ ಗಂಟನ್ನು ಅತ್ತೆಯ ಕೈಗೆ ಕೊಟ್ಟು ಹೊಸ್ತಿಲಾಚೆ ನಿಂತಳು.

ಹೊನ್ನೂರಬಿ ಆ ಅಕ್ಕಿಯನ್ನೇ ಬಾಣಲೆಗೆ ಹಾಕಿದಳು. ಮರಳಿನಲ್ಲಿ ಕಾಳು ಹೊರಳಿತು, ಬೆವೆತಿತು. ಅರಳಲಿಲ್ಲ.

“ಎಪ್ಪತ್ತೆರಡಕ್ಕೆ ತನ್ನಿ. ನಿಧಾನ” ಎಂದರು ಅಲಮೇಲು ಫೋನಿನಲ್ಲಿ.

ಮೊದಲು ಒಂದು ಕಾಳು ಟಪ್ಪೆಂದಿತು. ಆಮೇಲೆ ನಾಲ್ಕು. ಆಮೇಲೆ ಇಡೀ ಬಾಣಲೆ ಒಮ್ಮೆಲೇ ಬೆಳ್ಳಗೆ ಎದ್ದು, ಅಂಚು ಮೀರಿ, ಮರಳನ್ನು ಎರಚಿ ನೆಲಕ್ಕೆ ಚೆಲ್ಲಿತು. ಕೊಟ್ರಮ್ಮ ಕುಕ್ಕರನ್ನು ಎದೆಗವಚಿಕೊಂಡು ಹಿಂದಕ್ಕೆ ಹಾರಿದಳು. ಅಲಮೇಲು ಕೂತಲ್ಲೇ ಗಟ್ಟಿಯಾಗಿ “ಹಿಡಿತ ಒಂದು ಮೈಲಿ ಬಂತಲ್ಲಪ್ಪಾ!” ಎಂದರು, ಅವರ ದನಿಯಲ್ಲಿ ಹೆದರಿಕೆಯೂ ಇತ್ತು, ಹಿಗ್ಗೂ ಇತ್ತು. ಮೂವತ್ತು ವರ್ಷ ಹುರಿದ ಹೊನ್ನೂರಬಿ ಜರಡಿ ಎತ್ತುವುದನ್ನೇ ಮರೆತು ಕೂತಿದ್ದಳು.

“ನನ್ನ ಕೈ ಹೋಗಿಲ್ಲ” ಎಂದಳು ಕೊನೆಗೆ. ಹೊಸ್ತಿಲಿನತ್ತ ತಿರುಗಿದಳು. “ನಿನ್ನ ಕೈನೂ ಹೋಗಿದ್ದಿಲ್ಲವ್ವಾ. ನಮ್ಮ ಬುದ್ಧಿ ಹೋಗಿತ್ತು. ಒಳಗ ಬಾ.”

ರಮಿಜಾ ಒಳಗೆ ಬಂದಳು. ಹೊನ್ನೂರಬಿ ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಸೇರು ತುಂಬಿದಳು, ತಲೆ ಸವರಿದಳು, ಸೊಸೆಯ ಸೆರಗಿಗೆ ಸುರಿದಳು. ಕೊಸರಿಗೆಂದು ಮತ್ತೊಂದು ಹಿಡಿ ಎತ್ತಿದಳು.

ಆಗ ರಮಿಜಾ ಗಂಡನ ಕಡೆ ನೋಡಿದಳು. “ಎಷ್ಟು ಹಾಕಿದ್ರಿ?” ಎಂದು ಕೇಳಿದಳು. ಮೊರದ ಮುಂದೆ ಅವನು ಅವಳನ್ನು ಕೇಳಿದ್ದ ದನಿಯಲ್ಲೇ, ಎಲ್ಲರ ಎದುರಿಗೆ.

ಬುಡೇನನ ಕಿವಿ ಬಿಸಿಯಾಯಿತು. ಆ ಪ್ರಶ್ನೆ ಎದುರಿನಿಂದ ಬಂದರೆ ಹೇಗಿರುತ್ತದೆಂದು ಅವನಿಗೆ ಈಗ ತಿಳಿಯಿತು. “ಎರಡು ಗೆರೆ” ಎಂದ.

“ದಿನಾನೂ?”

“ದಿನಾನೂ. ಕೈ ರೂಢಿ. ತಪ್ಪು ನಂದೇ. ಹಾಕಿದ್ದೂ ತಪ್ಪು, ನಿನ್ನ ಕೇಳಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಹೊನ್ನೂರಬಿಯ ಹಿಡಿ ಸೆರಗಿನ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಆ ರೂಢಿಯನ್ನು ಕಲಿಸಿದವಳು ಅವಳೇ. ಹಾಕಬೇಕೋ, ವಾಪಸು ಬಾಣಲೆಗೆ ಬಿಡಬೇಕೋ ಎಂದು ಹುಟ್ಟಿದಾರಭ್ಯ ಮೊದಲ ಸಲ ಅವಳಿಗೆ ಗೊಂದಲವಾಯಿತು.

ರಮಿಜಾ ಸೆರಗನ್ನು ಇನ್ನಷ್ಟು ಹರಡಿದಳು. “ಹಾಕ್ರಿ ಅತ್ತಿ. ಇದು ಮಂಡಕ್ಕಿ. ಇದಕ್ಕೆ ಹಾಕಬೌದು.”

ಹಿಡಿ ಬಿಚ್ಚಿತು. ರಮಿಜಾ ಭಟ್ಟಿಯ ಪಕ್ಕ ತನ್ನ ಜಾಗದಲ್ಲಿ ಕೂತು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಉಪ್ಪಿನ ಗಡಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನಾಳಿ ಅಕ್ಕಿಗೆ ನಾನೇ ಕೂಡಸ್ತೀನಿ” ಎಂದಳು ಗಂಡನ ಮುಖ ನೋಡದೆ. “ಎಷ್ಟು ಅಂತ ಕೇಳಾಂಗಿಲ್ಲ.”

“ಕೇಳಾಂಗಿಲ್ಲ” ಎಂದ ಬುಡೇನ್.